ಬಿಟ್ಟ ಜಾಗ

ನೀರು ಖಲಂದರನ ಚಹಾ ಅಂಗಡಿಯದು,
ಸಾವಿರದಿನ್ನೂರು ಅಡಿ ಕೆಳಗಿನ ಬೋರ್‌ವೆಲ್ಲಿನದು.
ಆರಿದ ಮೇಲೆ ಹಾಳೆಯಲ್ಲಿ ಸಣ್ಣಗೆ ಉಪ್ಪು ಬಿಡುತ್ತದೆ.
ಹಾಗಾಗಿ ನನ್ನ ಆಕಾಶಕ್ಕೆ ಕೋಲಾರದ್ದೇ ಒಂದು ಬಿಳಿ ಪೊರೆ.
ಉಜ್ಜಿದರೆ ಹೋಗದು. ಉಜ್ಜಲೂ ಇಲ್ಲ.

ಮೂವತ್ತು ವರ್ಷ ಬೋರ್ಡು ಬರೆದ ಕೈ.
ಗಂಗಮ್ಮ ಸೈಕಲ್ ಮಾರ್ಟ್, ಇಲ್ಲಿ ಮೂತ್ರ ಮಾಡಬೇಡಿ,
ಲಾರಿಗಳ ಬೆನ್ನಿಗೆ ನವಿಲು.
ಎನಾಮೆಲ್ಲಾದರೆ ತಪ್ಪು ಮುಚ್ಚಬಹುದಿತ್ತು,
ಒಂದು ಕೋಟಿನ ಮೇಲೆ ಇನ್ನೊಂದು ಕೋಟು,
ಅಡಿಯಲ್ಲಿ ಯಾರ ಹೆಸರಿತ್ತೆಂದು ಯಾರು ಕೆರೆದು ನೋಡ್ತಾರೆ?
ಫ್ಲೆಕ್ಸ್ ಬಂತು. ಕೈ ಸುಮ್ಮನೆ ಕೂರಲಿಲ್ಲ.
ಮೊಮ್ಮಗಳ ಶಾಲೆಯ ಡಬ್ಬಿ, ಹನ್ನೆರಡು ಬಿಲ್ಲೆ,
ಅವಳು ಗುಲಾಬಿ ಮುಗಿಸಿ ಕಂದು, ಕಾವಿ ನನಗೆ ಬಿಟ್ಟಳು.
ನೀರುಬಣ್ಣದ ಸ್ವಭಾವವೇ ಬೇರೆ.
ತಪ್ಪನ್ನು ನೆನಪಿಟ್ಟುಕೊಳ್ಳುತ್ತದೆ.

ಕ್ಲಾಕ್ ಟವರ್ ಬರೆದೆ, ಮುಳ್ಳು ಬರೆಯಲಿಲ್ಲ,
ಹಾಳೆ ಆರುವಷ್ಟರಲ್ಲಿ ಹೇಗೂ ತಪ್ಪಾಗಿರುತ್ತದೆ.
ಮುಳಬಾಗಿಲು ಬಸ್ಸಿನ ಕೆಂಪು
ಟೊಮೆಟೊ ಬಾಕ್ಸಿನ ಕೆಂಪಿಗೆ ತಾಗಿತು, ಎರಡೂ ಒದ್ದೆ,
ಒಂದರೊಳಗೊಂದು ಹರಿದು
ಕಂಡಕ್ಟರನ ಕಾಲು ಮೊಣಕಾಲ ತನಕ ಹಣ್ಣಿನಲ್ಲಿ ಹೂತುಹೋಯಿತು.
ಆಟೋ ವೆಂಕಟರವಣ ನೋಡಿ ನಕ್ಕ,
"ದಿನಾ ಹಂಗೇ ಅಲ್ವೇನಣ್ಣ."

ಬಿಳಿಯ ಬಿಲ್ಲೆಯೂ ಇದೆ, ಮುಟ್ಟಿಲ್ಲ.
ಇಲ್ಲಿ ಬಿಳಿ ಅಂದರೆ ಬರೆಯದೆ ಬಿಡುವುದು.
ಸುತ್ತ ನೆರಳು ಹಚ್ಚುತ್ತ ಹಚ್ಚುತ್ತ
ಹಾಲಿನ ಕ್ಯಾನಿನ ಅಂಚು ತಾನೇ ಹೊಳೆಯಿತು,
ನಮಾಜಿಗೆ ಹೊರಟವರ ಟೋಪಿಗಳು ತಾವೇ ಬಂದವು.
ಖಲಂದರನ ಗಡ್ಡ ಪೂರ್ತಿ ಕಾಗದ.

ಚೌಡಮ್ಮ ಬುಟ್ಟಿಯನ್ನು ಕಂಕುಳಿಗೆ ಸೇರಿಸಿ ಬಗ್ಗಿದಳು,
ಒದ್ದೆ ಸೆರಗು ಹಾಳೆಗೆ ತಾಗದಂತೆ ಹಿಡಿದು.
"ನೇನೆಕ್ಕಡ ಸಾಮಿ?"
ತೋರಿಸಿದೆ: ಕಂಬದ ನೆರಳಲ್ಲಿ ನೇರಳೆ ಸೀರೆ, ಬಾಗಿದ ಬೆನ್ನು,
ಮಡಿಲಲ್ಲಿ ಉಗುರಿನಷ್ಟು ಖಾಲಿ.
"ಹೂವೆಲ್ಲಿ?"
"ಆ ಖಾಲಿಯೇ ಮಲ್ಲಿಗೆ."
ಬಹಳ ಹೊತ್ತು ನೋಡಿದಳು.
"ನಾನು, ಮಾರಿ ಮುಗೀತು ಅನ್ಕೊಂಡೆ.
ಅಷ್ಟು ಒಳ್ಳೇ ದಿನ ನೀನೆಲ್ಲಿ ನೋಡಿದೆ ಅಂತ."

ನನಗೆ ಉತ್ತರ ಹೊಳೆಯಲಿಲ್ಲ.
ಕುಂಚಕ್ಕೆ ಕೈ ಚಾಚಿದರೆ ತೊಳೆಯುವ ಲೋಟವಿಲ್ಲ,
ಅಂಗಡಿಯ ಹುಡುಗ ಆರಿದ ಚಹಾ ಎಂದುಕೊಂಡು ಎತ್ತಿ
ಆಗಲೇ ರಸ್ತೆಗೆ ಎರಚಿದ್ದ,
ಬಸ್ಸು, ಟೊಮೆಟೊ, ನೇರಳೆ ಸೀರೆ, ಎಲ್ಲ ಕಲಸಿದ ಕಂದು.
ಒಂದು ಬೈಕು ಅದರ ಮೇಲೆ ಹಾದು
ಬಜಾರಿನ ಕಡೆಗೆ
ಸ್ವಲ್ಪ ದೂರ ಗೀಟು ಎಳೆದುಕೊಂಡು ಹೋಯಿತು.