ಬಿಜಾಗರಿಯ ಅಡಿ

ಏಳನೆಯ ಪಟ್ಟಿಯನ್ನೂ ಪಳಂಗಪ್ಪ ಆಚೆ ತಳ್ಳಿದರು:
"ಇದು ಏಲಕ್ಕಿ ಬಣ್ಣ. ನಮ್ಮ ನ್ಯಾಟ್ ಹೀಗಿರಲಿಲ್ಲ."
ಎಪ್ಪತ್ತೊಂದರ ಚಳಿಯಲ್ಲಿ
ಒಂದೇ ರಾತ್ರಿಗೆ ನಾಲ್ಕು ವಿಮಾನ ಬಳಿದ ಕೈ.
ನನ್ನದು ಅಂಗೈಯಗಲದ್ದು,
ರೆಕ್ಕೆ ಬೋಳಾಗಿ ಮೇಜಿನ ಮೇಲೆ ಕಾದಿದೆ.

ಒಂದು ಹನಿ ಕಪ್ಪು. ಅರೆ ಹನಿ ಹಳದಿ.
"ಕಾಚಂಪುಳಿ ಬಿದ್ದ ಹಾಗಾಯ್ತಲ್ಲ!"

ಕೊನೆಗೆ ಹಿತ್ತಲಿಗೆ ಕರೆದೊಯ್ದರು.
ರಜೆಗೆ ಬಂದಾಗ ಉಳಿದ ಬಣ್ಣ ತಂದು
ಜೇನುಪೆಟ್ಟಿಗೆಗೆ ಹಚ್ಚಿದ್ದರಂತೆ.
ವಿರಾಜಪೇಟೆಯ ಐವತ್ತು ಮಳೆಗಾಲ
ಅದನ್ನು ಬೂದಿ ಮಾಡಿವೆ.

ಸ್ಕ್ರೂ ತಿರುಗಿಸಿ ಬಿಜಾಗರಿ ಕಿತ್ತೆ.
ಅಡಿಯಲ್ಲಿ ಉಗುರಗಲ ಹಸಿರು,
ನಿನ್ನೆ ಬಳಿದಂತೆ.

ಕನ್ನಡಕ ಒರೆಸಿ, ಬಗ್ಗಿ ನೋಡಿದರು.
"ಛೆ, ಇಷ್ಟೊಂದು ಎಳೆ ಹಸಿರೇ?
ಕತ್ತಲಲ್ಲಿ ಬಳಿದೆವು ನೋಡು,
ಟಾರ್ಚಿಗೂ ಅಪ್ಪಣೆಯಿರಲಿಲ್ಲ."