ಇರಬಹುದು

ಐದು ಕಿಲೋ ಚೀಲದ ಮೇಲೆ ದಪ್ಪಕ್ಷರ:
ಪೀನಟ್ ಬಟರ್ ಸ್ವಾದದ ಲೇಪ.
ಬೆನ್ನಿಗೆ, ಇರುವೆ ಸಾಲಿನಷ್ಟು ಸಣ್ಣಗೆ,
ನೂರು ಗ್ರಾಮಿನ ಲೆಕ್ಕ.

ಗೋಣಿಕೊಪ್ಪದ ಬೈಪಾಸ್ ಪಕ್ಕ, ಚಾಕೊಲೇಟ್ ಅಂಗಡಿಯ ಹಿಂಕೋಣೆ.
ಕನ್ನಡಕ ಒರೆಸಿ ಚೋಂದಮ್ಮ ಓದುತ್ತಾಳೆ,
ನಾನು ನಮ್ಮ ಹೊಸ ಲೇಬಲ್ಲಿಗೆ ಬರೆದುಕೊಳ್ಳುತ್ತೇನೆ:
ಸಕ್ಕರೆ ಐವತ್ತಮೂರು. ಕೊಬ್ಬು ಮೂವತ್ತೊಂದು,
ಅದರಲ್ಲಿ ಗಟ್ಟಿ ಜಾತಿಯದೇ ಇಪ್ಪತ್ತೆಂಟು.
ಪ್ರೋಟೀನು?
"ನಾಲ್ಕು. ಬರಿ, ಬರಿ. ಅದೂ ಹಾಲಿನಪುಡಿಯ ಪುಣ್ಯ."

ಕಡಲೆಕಾಯಿ ಎಲ್ಲಕ್ಕಾ?
ಬೆರಳು ಇಳಿಯುತ್ತದೆ: ತಾಳೆಯೆಣ್ಣೆ,
ಲೆಸಿಥಿನ್, ಉಪ್ಪು, ಕೃತಕ ಸ್ವಾದ,
ಕಟ್ಟಕಡೆಗೆ ಎಚ್ಚರಿಕೆಯ ಸಾಲಿನಲ್ಲಿ ಸಿಕ್ಕಿತು:
ಕಡಲೆಕಾಯಿಯ ಅಂಶ ಇರಬಹುದು.

ಇರಬಹುದು!
ಹುಣಸೂರು ಸಂತೆಯಿಂದ ಸೇರುಗಟ್ಟಲೆ ತಂದು
ಹುರಿದು, ಉಜ್ಜಿ, ಮೊರದಲ್ಲಿ ಕೇರಿ,
ಕಣ್ಣಿಗೆ ಹೊಟ್ಟು ಬೀಳಿಸಿಕೊಂಡು
ಬೆಲ್ಲದ ಪಾಕಕ್ಕೆ ಸುರಿಯುತ್ತಿದ್ದ ಕೈ ಅದು.
ನಕ್ಕಳು, ಕನ್ನಡಕ ಜಾರುವಷ್ಟು.

ಆಮೇಲೆ ಕರಗಿದ ಲೇಪಕ್ಕೆ ಕಿರುಬೆರಳು ಅದ್ದಿ
ಬಾಯಿಯವರೆಗೆ ತಂದವಳು ತಡೆದಳು.
ಮೊನ್ನೆ ಲ್ಯಾಬಿನ ಚೀಟಿಯಲ್ಲೂ
ಒಂದು ಸಂಖ್ಯೆ ಇತ್ತು.

"ನೀನೇ ನೋಡು" ಎಂದು
ಬೆರಳನ್ನು ಏಪ್ರನ್ನಿಗೆ ಒರೆಸಿದಳು.
ಕೋಣೆಯ ತುಂಬ
ಈಗಷ್ಟೇ ಬಾಣಲೆಯಿಂದ ಇಳಿಸಿದ
ಕಡಲೆಕಾಯಿಯ ವಾಸನೆ.