ಇವರು ಕಾಣದ್ದು

ಹನ್ನೊಂದು ವರ್ಷ ಓಮಾನಿನ ಧೋಫಾರ್ ಗುಡ್ಡದಲ್ಲಿ
ಚಿರತೆ ಕಾಯುವವರ ನೀರಿನ ಟ್ಯಾಂಕರ್ ಓಡಿಸಿ
ಒಂದೇ ಒಂದು ಚಿರತೆ ಕಾಣದೆ
ಆರೆ ಕಾಲೊನಿಗೆ ಬಂದಿಳಿದರು ಇವರು.
ಗುರುತಿನ ಚೀಟಿಯಲ್ಲಿ ಬೀರಣ್ಣ ಹೊನ್ನಪ್ಪ ನಾಯಕ,
ಚಾಲಕ, ಊರು ಅಂಕೋಲೆ.
ಎರಡು ಸೂಟ್‌ಕೇಸು, ಒಂದು ಮಂಡಿನೋವು.

ಅಷ್ಟರಲ್ಲಿ ನಾನು ಏಳು ಸಲ ಕಂಡಿದ್ದೆ.
ಮುಸುರೆ ನೀರು ಚೆಲ್ಲಲು ಹೋದಾಗ,
ತಬೇಲೆಯ ಹಿಂದೆ ಹುಲ್ಲಿನ ಗಾಡಿಯ ಅಡಿಗೆ,
ಒಮ್ಮೆ ಬಸ್ ಸ್ಟಾಪಿನ ಬೆಂಚಿನ ಮೇಲೇ,
ಕೊನೆಯ ಬಸ್ಸಿಗೆ ಕಾದು ಸಾಕಾದವರ ಹಾಗೆ.
ಹೇಳಿದರೆ ಇವರ ಮುಖ
ಹುಳಿ ಹಿಂಡಿದ ಹಾಲು.

ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ,
ಪ್ಲಾಸ್ಟಿಕ್ ಹೊದಿಸಿದ್ದು. ಅಲ್ಲಿಯ ಪ್ರಾಣಿಗಳು,
ಪ್ರತಿಯೊಂದರ ಕಿವಿಯ ಹತ್ತಿರ ಒಂದು ಚುಕ್ಕಿ.
ಹಸಿರಾದರೆ ಚಿಂತೆಯಿಲ್ಲ:
ಕಿವಿತುದಿಗೆ ಕರಿ ಕುಚ್ಚಿನ ಕಾಡುಬೆಕ್ಕು.
ಕಿತ್ತಳೆಯಾದರೆ ಇದೆ:
ಬಂಡೆಗೇ ಅಂಟಿ ಬದುಕುವ ಗಿಡ್ಡ ಕಾಡಾಡು.
ಕೆಂಪು ಚುಕ್ಕಿ ಚಿರತೆಗೆ.
ಲೋಕದಲ್ಲೆಲ್ಲ ಹುಡುಕಿದರೂ ಇನ್ನೂರಿಲ್ಲವಂತೆ ಆ ಜಾತಿ.
ನಮ್ಮ ಯುನಿಟ್ಟಿನ ಮಕ್ಕಳೇ ಅದಕ್ಕಿಂತ ಜಾಸ್ತಿ.

ನಡುವೆ ಒಂದು ಬಿಳಿ ಜಿಂಕೆ,
ಛತ್ರಿಯ ಕಡ್ಡಿಯಂಥ ಎರಡು ಕೊಂಬು.
ಮಹಾ, ಅಂತಾರಂತೆ ಅಲ್ಲಿ.
ಮಹಾ ಅಂದರೆ ನಮಗೆ ದೊಡ್ಡದು, ಇಲ್ಲಿಯವರಿಗೆ ರಾಷ್ಟ್ರ,
ಅಲ್ಲಿ ಬರೀ ಒಂದು ಪ್ರಾಣಿ,
ಗಿಡದ ಮೇಲಿನ ಇಬ್ಬನಿ ನೆಕ್ಕಿ ದಿನ ದೂಡುವುದು.
ಒಮ್ಮೆ ಪೂರ್ತಿ ಮುಗಿದೇಹೋಗಿತ್ತಂತೆ ಬಯಲಲ್ಲಿ.
ಪರದೇಶದ ಬೋನುಗಳಿಂದ ತಂದು ಮತ್ತೆ ಬಿಟ್ಟರು,
ನೂರಾದವು, ನಾನ್ನೂರಾದವು,
ಆಮೇಲೆ ರಾತ್ರಿ ಜೀಪುಗಳು ಬಂದವು.
"ಕೊಲ್ಲುವುದಿಲ್ಲ ಮಾರಾಯ್ತಿ,
ಹೆಣ್ಣುಗಳನ್ನೇ ಆರಿಸಿ ಜೀವಸಹಿತ ಒಯ್ಯುತ್ತಾರೆ
ಹಣವಂತರ ಅಂಗಳಕ್ಕೆ.
ಕೊನೆಗೆ ಬಯಲಲ್ಲಿ ಉಳಿದದ್ದು ಬರೀ ಗಂಡು."
ಹೇಳಿ ಸುಮ್ಮನಾದರು.

ನಾನು ಅಕ್ಕಿ ಆರಿಸುತ್ತಿದ್ದೆ.
ನಿಮ್ಮ ಕಂಟೈನರಿನ ಹಾಗೆ, ಅಂದೆ.
ಎಂಟು ಮಂಚ, ಎಂಟು ಗಂಡಸರು, ಒಂದು ಪಂಖ.
ನಗಲಿಲ್ಲ.
ಮತ್ತೆ ಅದಕ್ಕೆ ಹಳದಿ ಚುಕ್ಕಿ ಯಾಕೆ, ಕೆಂಪಿರಬೇಕಲ್ಲ?
"ನೆರೆಯ ದೇಶದಲ್ಲಿ ಬೇಕಾದಷ್ಟಿವೆ. ಲೆಕ್ಕ ಎಲ್ಲ ಸೇರಿ."
ನೆರೆಮನೆಯ ಗಂಡ ಮನೆಯಲ್ಲಿದ್ದರೆ
ನನ್ನ ಲೆಕ್ಕಕ್ಕೂ ಸೇರುತ್ತದೆಯೇ,
ಕೇಳಬೇಕೆಂದಿದ್ದೆ. ಕುಕ್ಕರ್ ಕೂಗಿತು.

ಆ ಗುಡ್ಡಕ್ಕೂ ಮಳೆಗಾಲವಿದೆಯಂತೆ,
ನಮ್ಮದೇ ಗಾಳಿಯ ಸೆರಗಿನ ತುದಿ.
ಮಂಜಿನಲ್ಲಿ ಕ್ಯಾಮೆರಾ ಪೆಟ್ಟಿಗೆಗೆ ಬ್ಯಾಟರಿ ಹೊತ್ತು ಹತ್ತಿದರೆ
ಹೆಜ್ಜೆ ಹಸಿಯಾಗಿರುತ್ತಿತ್ತು,
ಚಿರತೆ ಇರುತ್ತಿರಲಿಲ್ಲ.

ಈಗ ದಿನಾ ರಾತ್ರಿ ಮೆಟ್ಟಿಲ ಮೇಲೆ, ಟಾರ್ಚು ಹಿಡಿದು.
ವಾರ್ಲಿ ಪಾಡೆಯ ಲಾಡ್ಕಿ ಬೈದು ಹೋದಳು:
ಅದು ವಾಘೋಬಾ. ಕಾಯುವುದು ಅವನ ಕೆಲಸ, ನಿನ್ನದಲ್ಲ.
ಇವರು ತಲೆಯಾಡಿಸಿದರು, ಸೆಲ್ ಬದಲಿಸಿದರು.

ನಿನ್ನೆ ಎರಡೂವರೆಗೆ ಬಚ್ಚಲಿಗೆಂದು ಎದ್ದೆ.
ಇವರು ಕೂತಲ್ಲೇ ಗೊರಕೆ,
ಟಾರ್ಚು ಮಡಿಲಲ್ಲಿ ಉರಿಯುತ್ತಲೇ ಇತ್ತು.
ನೀರಿನ ಡ್ರಮ್ಮಿಗೂ ಇವರ ಮಂಡಿಗೂ ನಡುವೆ
ಎರಡು ಮೊಳ ಜಾಗ.
ಅಲ್ಲಿಂದಲೇ ಹೋಯಿತು.
ಅವಸರವಿಲ್ಲ. ನಿಂತು
ಇವರ ಪಾದ ಮೂಸಿತು,
ನನ್ನನ್ನು ನೋಡಿತು,
ಗುರುತಿದ್ದೂ ಮಾತಾಡದವರ ಹಾಗೆ.

ಎಬ್ಬಿಸಲಿಲ್ಲ.
ಉಸಿರೇ ಹೊರಡಲಿಲ್ಲ ಅನ್ನಬಹುದು.
ಅದು ಪೂರ್ತಿ ಸುಳ್ಳೂ ಅಲ್ಲ.

ಬೆಳಿಗ್ಗೆ ಕೆಸರಲ್ಲಿ ಹೆಜ್ಜೆ ಕಂಡರು.
ಹನಿ ಶುರುವಾಗಿತ್ತು.
ಓಡಿಬಂದು, ಒಲೆಯ ಮೇಲಿನ ಚಾ ಮೋರಿಗೆ ಸುರಿದು,
ಪಾತ್ರೆ ಒಯ್ದು ಹೆಜ್ಜೆಯ ಮೇಲೆ ಬೋರಲು ಹಾಕಿ
ಛತ್ರಿ ಹಿಡಿದು ಕೂತಿದ್ದಾರೆ ಈಗಲೂ.
ಛತ್ರಿ ಪಾತ್ರೆಗೆ. ಇವರು ನೆನೆಯುತ್ತಿದ್ದಾರೆ.

"ಎಷ್ಟು ಹತ್ತಿರ ಬಂದಿತ್ತು, ನೋಡೇ!"

ನೋಡಿದೆ, ಅಂದೆ.